ಮಕ್ಕಳ ಔಷಧದ ಕಹಿಯನ್ನು ಬಾಟಲಿಯಲ್ಲೇ ಕಟ್ಟಿಹಾಕಿದ್ದು: ನನ್ನ ಅನುಭವ

ರೆಸಿನ್‌ಗೆ (ವಿದ್ಯುದಾವೇಶದ ಬಲದಿಂದ ಔಷಧವನ್ನು ಹಿಡಿದಿಡುವ, ನೀರಿನಲ್ಲಿ ಕರಗದ ಸಣ್ಣ ಕಣಗಳಿಗೆ) ಕಟ್ಟಿದ ಔಷಧ ದ್ರವರೂಪದಲ್ಲಿ ನಿಲ್ಲುವುದಿಲ್ಲ, ಎರಡು ವಾರದೊಳಗೆ ಕಹಿ ಬಿಟ್ಟುಕೊಳ್ಳುತ್ತದೆ ಎಂದು ಹೇಳಿದವರೇ ಹೆಚ್ಚು. ಒಣಪುಡಿಯಾಗಿ ಕೊಡಿ, ಇಲ್ಲವೇ ಕೈಬಿಡಿ ಎಂಬುದು ಹಿರಿಯರೊಬ್ಬರ ಸಲಹೆಯಾಗಿತ್ತು. ನಮ್ಮ ಬಾಟಲಿ 40 ಡಿಗ್ರಿ ಸೆಲ್ಸಿಯಸ್, ಶೇ 75 ಆರ್ದ್ರತೆಯ ಪರೀಕ್ಷಾ ಕಪಾಟಿನಲ್ಲಿ ಆರು ತಿಂಗಳು ಕಳೆದು ಹೊರಬಂದಿದೆ. ರುಚಿ ಮೊದಲಿದ್ದಂತೆಯೇ ಇದೆ. ಇದೇ ದಾರಿಯಲ್ಲಿ ಹೆಣಗುತ್ತಿರುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಔಷಧದ ಹೆಸರು ಸದ್ಯಕ್ಕೆ ನನ್ನಲ್ಲೇ ಇರಲಿ. ದುರ್ಬಲ ಕ್ಷಾರ, ಹೈಡ್ರೋಕ್ಲೋರೈಡ್ ಲವಣ, ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ಕಹಿಯಲ್ಲಿ ಕ್ವಿನೈನ್‌ನ ದಾಯಾದಿ. ಇಷ್ಟು ಹೇಳಿದರೆ ಕೆಲಸ ಗೊತ್ತಿರುವವರಿಗೆ ಸಾಕು. ಒಂದು ಸಲಕ್ಕೆ ನೂರು ಮಿಲಿಗ್ರಾಂ ದಾಟಬೇಕು, ಅದೂ ಐದು ಮಿಲಿಲೀಟರಿನೊಳಗೆ. ಐದು ವರ್ಷದ ಕೆಳಗಿನ ಮಗುವಿಗೆ ಅದಕ್ಕಿಂತ ಹೆಚ್ಚು ದ್ರವ ಕುಡಿಸಲು ಹೊರಟರೆ ಅರ್ಧ ಅಂಗಿಯ ಮೇಲಿರುತ್ತದೆ.

ಎಲ್ಲರಂತೆ ನಾವೂ ಸಿಹಿಯಿಂದಲೇ ಆರಂಭಿಸಿದೆವು. ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ ಇರಬಹುದು, ಆದರೆ ನಾಲಿಗೆಯಲ್ಲಿ ಕಹಿಗೆ ಸುಮಾರು 25 ಬಗೆಯ ಗ್ರಾಹಕಗಳಿವೆ. ಸಿಹಿ ಮೊದಲು ಬಂದು ಹೋಗುತ್ತದೆ, ಕಹಿ ನಿಧಾನವಾಗಿ ಬಂದು ಗಂಟಲಲ್ಲಿ ಕೂರುತ್ತದೆ. ಸಿಹಿಯ ಪ್ರಮಾಣ ಏರಿಸಿದಷ್ಟೂ ಕೊನೆಗೆ ಬರುವ ಕಹಿ ಇನ್ನಷ್ಟು ಎದ್ದು ಕಾಣುತ್ತದೆ. ಸ್ಟ್ರಾಬೆರಿ, ಬಾಳೆ, ಕಿತ್ತಳೆ, ಚೆರ್ರಿ ಎಂದು ತರಿಸಿದ ಫ್ಲೇವರ್‌ಗಳಿಗೆ ಲೆಕ್ಕವಿಲ್ಲ. ನಮಗೆ ಬೇಕಾದದ್ದು ಚಮಚದಷ್ಟು, ಅವರು ಮಾರುವುದು ಡಬ್ಬಗಟ್ಟಲೆ. ಮೊದಲ ವರ್ಷದ ಹಣದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಹೀಗೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಕರಗಿದ ಔಷಧಕ್ಕೆ ಮಾತ್ರ ರುಚಿಯಿದೆ. ಕರಗದಂತೆ ನೋಡಿಕೊಂಡರೆ ಮುಚ್ಚುವ ಪ್ರಶ್ನೆಯೇ ಬರುವುದಿಲ್ಲ. ಕ್ಲೋರಾಂಫೆನಿಕಾಲ್ ಪಾಲ್ಮಿಟೇಟ್, ಮೆಟ್ರೊನಿಡಜೋಲ್ ಬೆಂಜೋಯೇಟ್ ಎಂಬ ಕರಗದ ಎಸ್ಟರ್‌ಗಳು (ಔಷಧಕ್ಕೆ ಆಮ್ಲವೊಂದನ್ನು ಬೆಸೆದ ರೂಪಗಳು) ಹುಟ್ಟಿದ್ದು ಇದೇ ಲೆಕ್ಕದಲ್ಲಿ. ಏನಾದರಾಗಲಿ ಕರಗಿಸಿಯೇ ತೀರಬೇಕೆಂಬ ಹಠ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ 1937ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಸಲ್ಫಾನಿಲಮೈಡ್ ಎಲಿಕ್ಸಿರ್ ಸಾಕ್ಷಿ. ಕರಗದ ಔಷಧವನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ, ರಾಸ್ಪ್‌ಬೆರಿ ಪರಿಮಳ ಸೇರಿಸಿದರು. ರುಚಿ, ಬಣ್ಣ, ವಾಸನೆ ನೋಡಿದರು, ವಿಷವೇ ಎಂದು ನೋಡಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹಳಷ್ಟು ಮಕ್ಕಳು. ಮಕ್ಕಳ ಬಾಟಲಿಗೆ ಯಾವುದೇ ದ್ರಾವಕ ಸುರಿಯುವ ಮೊದಲು ನನಗೆ ಇದು ನೆನಪಾಗುತ್ತದೆ.

ನಮ್ಮ ಔಷಧಕ್ಕೆ ಕರಗದ ಎಸ್ಟರ್ ಮಾಡಿಸುವ ಶಕ್ತಿ ನಮಗಿರಲಿಲ್ಲ. ಔಷಧದ ಅಣುವನ್ನು ತನ್ನೊಳಗೆ ಅಡಗಿಸಿಕೊಳ್ಳುವ ಸಕ್ಕರೆಯುಂಗುರ, ಬೀಟಾ ಸೈಕ್ಲೋಡೆಕ್ಸ್‌ಟ್ರಿನ್, ನೋಡಿದೆವು. ಅಣುವಿಗೆ ಅಣು ಎಂದರೂ ಔಷಧದ ಮೂರು ಪಟ್ಟಿಗಿಂತ ಹೆಚ್ಚು ತೂಕ ಬೇಕು, ಅದಾದರೋ ನೀರಿನಲ್ಲಿ ಶೇ 2ರಷ್ಟೂ ಕರಗುವುದಿಲ್ಲ. ಕೆಲವೇ ಮಿಲಿಗ್ರಾಂ ಡೋಸ್ ಇರುವವರು ಖಂಡಿತ ಪ್ರಯತ್ನಿಸಿ, ನಮಗೆ ಕೂಡಿಬರಲಿಲ್ಲ. ಆಮೇಲೆ ಯೂಡ್ರಾಜಿಟ್ ಇ ಲೇಪನ. ಪಿಎಚ್ 5ರ ಮೇಲೆ ಕರಗದೆ ನಿಂತು, ಹೊಟ್ಟೆಯ ಆಮ್ಲದಲ್ಲಿ ಬಿಚ್ಚಿಕೊಳ್ಳುವ ಈ ಪಾಲಿಮರ್ ಒಳ್ಳೆಯದೇ. ಆದರೆ ನಾಲಿಗೆಗೆ ಮರಳಿನಂತೆ ತಾಕದಷ್ಟು ಸಣ್ಣ ಕಣಕ್ಕೆ ಬಿರುಕಿಲ್ಲದ ಲೇಪ ಕೊಡಬೇಕಾದರೆ ಔಷಧಕ್ಕಿಂತ ಲೇಪವೇ ಹೆಚ್ಚಾಗುತ್ತದೆ. ಲೇಪನ ಯಂತ್ರವನ್ನು ದಿನಬಾಡಿಗೆಗೆ ತಂದಿದ್ದೆವು. ನಳಿಕೆ ಕಟ್ಟಿಕೊಂಡು ಯಂತ್ರ ನಿಂತ ದಿನಗಳಿಗೂ ಬಾಡಿಗೆ ತೆತ್ತೆವು.

ಅಲ್ಲಿಂದ ರೆಸಿನ್‌ಗೆ ಬಂದೆವು. ಪೊಲಾಕ್ರಿಲಿನ್ ಪೊಟ್ಯಾಸಿಯಂ ಎಂಬ ರೆಸಿನ್, ಔಷಧ ಒಂದಕ್ಕೆ ರೆಸಿನ್ ಎರಡರಿಂದ ಎರಡೂವರೆ, ಪಿಎಚ್ ಆರೂವರೆಯ ಆಸುಪಾಸು, ಸ್ವಲ್ಪ ಬೆಚ್ಚಗೆ, ನಾಲ್ಕೈದು ಗಂಟೆ ಕಲಕುವುದು. ಶೇ 90ರ ಮೇಲೆ ಕಟ್ಟಿಕೊಂಡಿತು. ಪೊಟ್ಯಾಸಿಯಂ ನೀರಿಗೆ ಬಂದು, ಅದರ ಜಾಗದಲ್ಲಿ ಔಷಧ ಕೂರುತ್ತದೆ. ತೊಳೆದು ಒಣಗಿಸಿದ ಪುಡಿಯನ್ನು ನಾಲಿಗೆಯ ಮೇಲಿಟ್ಟರೆ ಸೀಮೆಸುಣ್ಣದ ಹಾಗೆ ಸಪ್ಪೆ. ಅಂದು ಪ್ರಯೋಗಾಲಯದಲ್ಲಿ ಎಲ್ಲರೂ ಸರದಿಯಲ್ಲಿ ಬಂದು ರುಚಿ ನೋಡಿದರು.

ತೊಳೆಯುವುದರಲ್ಲಿ ಜಿಪುಣತನ ಬೇಡ. ಕಣದ ಮೇಲ್ಮೈಯಲ್ಲಿ ಅಂಟಿ ಉಳಿದ ಚೂರು ಔಷಧ ಇಡೀ ಬ್ಯಾಚನ್ನು ಕಹಿ ಮಾಡುತ್ತದೆ. ಸೋಸಿದ ನೀರಿನಲ್ಲಿ ಎಷ್ಟು ಔಷಧ ಉಳಿದಿದೆ ಎಂದು ಯುವಿ (ಅತಿನೇರಳೆ ಬೆಳಕಿನ) ಮಾಪಕದಲ್ಲಿ ನೋಡಿ, ಅಂಕಿ ಇಳಿದು ನಿಲ್ಲುವವರೆಗೂ ತೊಳೆಯಿರಿ. ನಾವು ಕೊನೆಯ ತೊಳೆತವನ್ನು ಬರೀ ನೀರಿನಲ್ಲಿ ಮಾಡುವುದಿಲ್ಲ. ಏನು ಸೇರಿಸುತ್ತೇವೆ ಎಂಬುದನ್ನು ಇಲ್ಲಿ ಹೇಳಲಾರೆ, ಕ್ಷಮಿಸಿ.

ಈ ಪುಡಿಯನ್ನು ಮಾಮೂಲಿ ಸಸ್ಪೆನ್ಷನ್ ಬೇಸ್‌ಗೆ (ಕರಗದ ಪುಡಿಯನ್ನು ತೇಲಿಸಿಡುವ ದ್ರವಕ್ಕೆ) ಹಾಕಿದಾಗ ಸಂಶಯಪಟ್ಟವರು ಹೇಳಿದ್ದೇ ಆಯಿತು. ಎರಡನೆಯ ವಾರಕ್ಕೆ ಕಹಿ ಮರಳಿತು. ರೆಸಿನ್ ಕೈಕೊಟ್ಟಿತು ಎಂದು ಅಲ್ಲಿಗೇ ಕಡತ ಮುಚ್ಚುವವರು ಬಹಳ. ನಾನು ಬೇಸ್‌ನ ಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತೆ: ಕೆಡದಂತೆ ಕಾಯಲು ಸೋಡಿಯಂ ಬೆಂಜೋಯೇಟ್, ಸಿಹಿಗೆ ಸೋಡಿಯಂ ಸ್ಯಾಕರಿನ್, ಮಂದಗೊಳಿಸಲು ಸೋಡಿಯಂ ಸಿಎಂಸಿ, ಪಿಎಚ್ ಕಾಯಲು ಸಿಟ್ರೇಟ್ ಬಫರ್. ಪ್ರತಿಯೊಂದೂ ಸೋಡಿಯಂ ಹೊತ್ತು ತರುತ್ತಿದೆ. ಹೊಟ್ಟೆಯಲ್ಲಿ ಹೈಡ್ರೋಜನ್ ಅಯಾನು (ವಿದ್ಯುದಾವೇಶವುಳ್ಳ ಕಣ) ಮಾಡಬೇಕಾದ ಕೆಲಸವನ್ನು ಬಾಟಲಿಯಲ್ಲಿ ಸೋಡಿಯಂ ಮೊದಲೇ ಮಾಡಿ ಮುಗಿಸುತ್ತಿದೆ, ಔಷಧವನ್ನು ರೆಸಿನ್‌ನಿಂದ ಎಬ್ಬಿಸಿ ತಾನು ಕೂರುತ್ತಿದೆ. ದೋಷ ರೆಸಿನ್‌ನದಲ್ಲ, ಅದರ ಸುತ್ತಲಿನ ನೀರಿನದು.

ಅಲ್ಲಿಂದ ವಿದ್ಯುದಾವೇಶವಿರುವ ಒಂದೊಂದನ್ನೂ ಕಿತ್ತು ಹಾಕಿದೆವು. ಸ್ಯಾಕರಿನ್ ಹೋಗಿ ಸುಕ್ರಲೋಸ್ ಬಂತು. ಅದನ್ನು ಆರಿಸಿದ್ದು ಸಿಹಿಗಾಗಿ ಅಲ್ಲ, ಅದು ಅಯಾನಾಗುವುದಿಲ್ಲ ಎಂಬ ಕಾರಣಕ್ಕೆ. ಬೆಂಜೋಯೇಟ್ ಬದಲು ಪ್ಯಾರಾಬೆನ್, ಅದನ್ನು ಕರಗಿಸುವ ತಲೆನೋವು ಎಲ್ಲರಿಗೂ ಗೊತ್ತು. ಸಿಎಂಸಿ, ಕ್ಸಾಂಥಾನ್ ಎರಡನ್ನೂ ಬಿಟ್ಟು ಆವೇಶವಿಲ್ಲದ ಮಂದಕಾರಿ ಎಚ್‌ಪಿಎಂಸಿ. ದ್ರವದ ಸಾಂದ್ರತೆಗೆ ಗ್ಲಿಸರಿನ್ ಮತ್ತು ಸ್ವಲ್ಪ ಸಾರ್ಬಿಟಾಲ್, ಹೆಚ್ಚಾದರೆ ಮಗುವಿಗೆ ಭೇದಿ. ಕಣಗಳು ತಳದಲ್ಲಿ ಗಟ್ಟಿ ಬಿಲ್ಲೆಯಾಗದಂತೆ ಚೂರು ಲವಣ ಹಾಕುವುದು ವಾಡಿಕೆ, ಇಲ್ಲಿ ಅದಕ್ಕೂ ಅವಕಾಶವಿಲ್ಲ. ತಿಂಗಳುಗಟ್ಟಲೆ ಸಮಯ ತಿಂದದ್ದು ಈ ಬಿಲ್ಲೆಯೇ. ಎಚ್‌ಪಿಎಂಸಿಯ ಎರಡು ದರ್ಜೆಗಳನ್ನು ಬೆರೆಸಿದ ಮೇಲೆ ಬಾಟಲಿಯನ್ನು ಏಳೆಂಟು ಸಲ ಅಲುಗಿಸಿದರೆ ಸಾಕು ಎಂಬ ಸ್ಥಿತಿಗೆ ಬಂತು. ಬೆರಕೆಯ ಪ್ರಮಾಣವನ್ನು ನೀವೇ ಹುಡುಕಿಕೊಳ್ಳಬೇಕು. ರೆಸಿನ್ ನೀರಿನಲ್ಲಿ ಉಬ್ಬುವುದರಿಂದ ಸ್ನಿಗ್ಧತೆಯನ್ನು ಮರುದಿನವೇ ಅಳೆಯಿರಿ, ಅದೇ ದಿನದ ಅಂಕಿಯನ್ನು ನಂಬಬೇಡಿ.

ಕಿತ್ತಳೆ ಫ್ಲೇವರ್ ಬೇಕೆಂದು ಮಾರಾಟದವರು ಪಟ್ಟುಹಿಡಿದರು. ಹುಳಿಯಿಲ್ಲದ ಕಿತ್ತಳೆಯನ್ನು ಮಕ್ಕಳು ಕಿತ್ತಳೆ ಎಂದು ಒಪ್ಪುವುದಿಲ್ಲ, ಹುಳಿಗೆಂದು ಸಿಟ್ರಿಕ್ ಆಮ್ಲ ಹಾಕಿದರೆ ರೆಸಿನ್ ಬಾಟಲಿಯಲ್ಲೇ ಔಷಧ ಬಿಡುತ್ತದೆ. ಲೇಪಿತ ಕ್ಲಾರಿಥ್ರೊಮೈಸಿನ್ ಸಸ್ಪೆನ್ಷನ್ನನ್ನು ಹುಳಿ ಹಣ್ಣಿನ ರಸದ ಜೊತೆ ಕೊಟ್ಟಾಗ ಕಹಿ ಹೆಚ್ಚುವುದನ್ನು ಕಂಡವರಿಗೆ ಇದು ಹೊಸದಲ್ಲ. ನಾವು ವೆನಿಲ್ಲಾ ಮತ್ತು ಚಾಕೊಲೇಟ್ ಕಡೆಗೆ ತಿರುಗಿದೆವು. ಚಾಕೊಲೇಟ್‌ನಲ್ಲಿ ಚೂರು ಕಹಿ ಇರುತ್ತದೆ ಎಂದು ನಾಲಿಗೆ ಮೊದಲೇ ಒಪ್ಪಿಕೊಂಡಿರುತ್ತದೆ, ಉಳಿದ ಅಲ್ಪಸ್ವಲ್ಪ ಕಹಿ ಅದರಲ್ಲಿ ಅಡಗುತ್ತದೆ.

ನಡುವೆ ಒಂದು ಅಡ್ಡ ಪ್ರಯೋಗ. ಉಪ್ಪಿನ ಸೋಡಿಯಂ ಕಹಿಯನ್ನು ಅಡಗಿಸುತ್ತದೆ ಎಂಬುದು 1990ರ ದಶಕದಿಂದ ಗೊತ್ತಿರುವ ವಿಷಯ. ಔಷಧದ ಬರೀ ದ್ರಾವಣಕ್ಕೆ ಸೋಡಿಯಂ ಗ್ಲುಕೊನೇಟ್ ಹಾಕಿ ನೋಡಿದೆ, ಕಹಿ ನಿಜಕ್ಕೂ ಇಳಿಯಿತು, ಅರ್ಧಕ್ಕೆ ಬಂತೆಂದರೂ ತಪ್ಪಿಲ್ಲ. ರೆಸಿನ್ ಬಾಟಲಿಗೆ ಅದೇ ಸೋಡಿಯಂ ಶತ್ರು. ಬೇರೆ ಔಷಧವನ್ನು ಕರಗಿಸಿಯೇ ಕೊಡಬೇಕಾದಾಗ ಇರಲಿ ಎಂದು ಆ ಅಂಕಿಅಂಶಗಳನ್ನು ಎತ್ತಿಟ್ಟಿದ್ದೇನೆ. ತಣ್ಣಗಿರುವಾಗ ಕಹಿ ಕಡಿಮೆ ತಾಗುತ್ತದೆ ಎಂಬುದನ್ನೂ ನೋಡಿದೆವು, ಆದರೆ ಫ್ರಿಜ್ ಇದ್ದವರಿಗೆ ಮಾತ್ರ ಹಿತವಾಗುವ ಔಷಧ ಮಾಡಲು ನನಗೆ ಮನಸ್ಸಿರಲಿಲ್ಲ.

ರುಚಿಪರೀಕ್ಷೆಯಲ್ಲಿ ಮೊದಲು ದೊಡ್ಡವರು: ಬಾಯಲ್ಲಿ ಅರ್ಧ ನಿಮಿಷ ಇಟ್ಟುಕೊಂಡು ಉಗಿಯುವುದು, ಆಮೇಲೆ ಹತ್ತು ನಿಮಿಷದವರೆಗೆ ಅಂಕ ಕೊಡುವುದು. ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕ ಮೇಲೆ ಮಕ್ಕಳು. ನಗುಮುಖ, ಅಳುಮುಖದ ಚಿತ್ರಪಟ್ಟಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಎದುರಿಗೆ ಕುಳಿತ ನರ್ಸ್ ಅಕ್ಕನಿಗೆ ಬೇಸರವಾಗಬಾರದೆಂದು ಮಕ್ಕಳು ನಗುಮುಖಕ್ಕೆ ಬೆರಳಿಡುತ್ತಾರೆ. ಎರಡನೆಯ ಡೋಸ್ ಹೊತ್ತಿಗೆ ಸತ್ಯ ಗೊತ್ತಾಗುತ್ತದೆ. ಹಳೆಯ ಸಿರಪ್ ಕಂಡೊಡನೆ ಎರಡು ವರ್ಷದ ಮಕ್ಕಳು ತುಟಿಯನ್ನು ಒಳಗೆಳೆದುಕೊಂಡು, ಗಲ್ಲ ಬಿಗಿದು, ತಾಯಿಯ ಹೆಗಲಿಗೆ ಮುಖ ಒತ್ತುತ್ತಿದ್ದರು. ಹೊಸ ಬಾಟಲಿಗೆ ಹತ್ತರಲ್ಲಿ ಎಂಟು ಮಕ್ಕಳು ತಾವಾಗಿಯೇ ಬಾಯಿ ತೆರೆದರು. ಹಳೆಯದಕ್ಕೆ ಮೂವರೋ ನಾಲ್ವರೋ ತೆರೆಯುತ್ತಿದ್ದರು. ಈ ಅಂಕಿಯನ್ನು ಹೇಳಿಕೊಳ್ಳುವಾಗ ನನಗೆ ಹೆಮ್ಮೆಯಾಗುತ್ತದೆ.

ಕಚ್ಚಾವಸ್ತುವಿನ ಖರ್ಚು ಹಳೆಯದರ ಸುಮಾರು ಒಂದೂವರೆ ಪಟ್ಟು. ಹೆಚ್ಚಿದ್ದೆಲ್ಲ ರೆಸಿನ್‌ನಿಂದ ಮತ್ತು ತೊಳೆಯುವ ಶುದ್ಧ ನೀರಿನಿಂದ. ಫ್ಲೇವರ್ ಖರ್ಚು ಕಾಲುಭಾಗಕ್ಕೆ ಇಳಿಯಿತು. ಉಗಿದ ಡೋಸ್ ಮತ್ತೆ ಕೊಡುವುದು, ಅರ್ಧಕ್ಕೇ ನಿಲ್ಲಿಸಿ ಕಾಯಿಲೆ ಮರುಕಳಿಸುವುದು, ಇವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಯಾವುದು ಅಗ್ಗ ಎಂದು ಮತ್ತೆ ಕೇಳಬೇಕಾಗಿಲ್ಲ.

ಮಾಡಹೊರಟವರು ಎರಡು ಸಂಗತಿ ಗಮನದಲ್ಲಿಡಿ. ರೆಸಿನ್‌ನಿಂದ ಔಷಧ ಬಿಡಿಸಿಕೊಳ್ಳಲು ಹೊಟ್ಟೆಯ ಆಮ್ಲ ಬೇಕು. ನವಜಾತ ಶಿಶುವಿನ ಹೊಟ್ಟೆಯಲ್ಲಿ ಅದು ಕಡಿಮೆ, ಆಮ್ಲ ತಗ್ಗಿಸುವ ಔಷಧ ತೆಗೆದುಕೊಳ್ಳುತ್ತಿರುವ ಮಗುವಿನಲ್ಲೂ ಕಡಿಮೆ. ಔಷಧ ಹೀಗೆ ಬಿಡಿಸಿಕೊಳ್ಳುವ ಪರೀಕ್ಷೆಯನ್ನು ಪಿಎಚ್ 1.2ರಲ್ಲಿ ಮಾತ್ರ ಮಾಡಿ ಕೈತೊಳೆದುಕೊಳ್ಳದೆ 4.5ರಲ್ಲೂ ಮಾಡಿ. ಇನ್ನೊಂದು, ಬಾಟಲಿಯ ಜೊತೆ ಸೂಜಿಯಿಲ್ಲದ ಸಿರಿಂಜ್ ಕೊಟ್ಟು, ಮಗುವನ್ನು ನೆಟ್ಟಗೆ ಕೂರಿಸಿ ಕೆನ್ನೆಯ ಒಳಬದಿಗೆ ಸ್ವಲ್ಪಸ್ವಲ್ಪವಾಗಿ ಬಿಡಲು ಬರೆಯಿರಿ. ಹಾಲಿನ ಬಾಟಲಿಗೆ ಬೆರೆಸಬೇಡಿ ಎಂದೂ ಬರೆಯಿರಿ. ಮಗು ಹಾಲು ಅರ್ಧಕ್ಕೆ ಬಿಟ್ಟರೆ ಡೋಸ್ ಎಷ್ಟು ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ, ರುಚಿ ಕೆಟ್ಟರೆ ನಾಳೆಯಿಂದ ಹಾಲನ್ನೇ ದೂರ ಮಾಡುತ್ತದೆ.

ಈಗ ಕೈಯಲ್ಲಿರುವುದು ಆಮ್ಲೀಯ ಔಷಧವೊಂದು. ಅದಕ್ಕೆ ವಿರುದ್ಧ ಆವೇಶದ ರೆಸಿನ್, ಕೊಲೆಸ್ಟಿರಮೈನ್, ಬೇಕಾಗುತ್ತದೆ, ಕ್ಲೋರೈಡ್ ಶತ್ರುವಾಗುತ್ತದೆ, ಹೊಟ್ಟೆಯಲ್ಲಿ ಕ್ಲೋರೈಡ್‌ಗೆ ಕೊರತೆಯಿಲ್ಲ. ಮೊದಲ ಬ್ಯಾಚ್ ಕಳೆದ ವಾರ ಕಪಾಟಿಗೆ ಹೋಗಿದೆ.