ನಂಬಲ್ಲ ಅಂತೀರಿ, ಆದರೂ ನಾಲ್ಕೂವರೆ ತನಕ ಕಾಯ್ತೀರಿ

ರಾಹುಕಾಲವನ್ನೆಲ್ಲ ನಾನು ನಂಬಲ್ಲ ಅಂತ ಎಷ್ಟೋ ವರ್ಷ ಹೇಳಿಕೊಂಡು ಓಡಾಡಿದ್ದೇನೆ. ಒಂದು ಮಂಗಳವಾರ ಮಧ್ಯಾಹ್ನ ಹೊಸ ಗಾಡಿಗೆ ಅಡ್ವಾನ್ಸ್ ಕಳಿಸಬೇಕಿತ್ತು. ಫೋನ್ ಕೈಯಲ್ಲೇ ಇದೆ, ಅಕೌಂಟಿನಲ್ಲಿ ದುಡ್ಡೂ ಇದೆ, ಆದರೂ ಟೀ ಕುಡಿದೆ, ಗಿಡಕ್ಕೆ ನೀರು ಹಾಕಿದೆ, ಸುಮ್ನೆ ಇನ್ನೊಂದು ಟೀ ಕುಡಿದೆ. ಕಳಿಸಿದಾಗ ಗಂಟೆ 4:35. ಗೋಡೆ ಕ್ಯಾಲೆಂಡರ್ ನೋಡಿದರೆ, ಮಂಗಳವಾರದ ರಾಹುಕಾಲ 3ರಿಂದ 4:30!

ಅದಕ್ಕೇ ಹೇಳೋದು, ಏನು ನಂಬುತ್ತೀರಿ ಅಂತ ನಿಮ್ಮನ್ನು ನೀವೇ ಕೇಳಿಕೊಳ್ಳಬೇಡಿ. ಬಾಯಿ ಯಾವಾಗಲೂ ಮರ್ಯಾದೆ ಉಳಿಸೋ ಉತ್ತರವನ್ನೇ ಕೊಡುತ್ತೆ. ಒಂದು ವಾರ ಏನು ಮಾಡಿದಿರಿ, ಏನನ್ನು ಮುಂದಕ್ಕೆ ಹಾಕಿದಿರಿ ಅಂತ ಗಂಟೆ ಸಮೇತ ಬರೆಯಿರಿ. ಯಾಕೆ ಅನ್ನೋದು ಸದ್ಯಕ್ಕೆ ಬೇಡ.

ಆಮೇಲೆ ಒಂದೇ ನಂಬಿಕೆ ಹಿಡಿಯಿರಿ, ರಾಹುಕಾಲ ಅಂತಲೇ ಇಟ್ಟುಕೊಳ್ಳಿ. ಪುಟದಲ್ಲಿ ನಾಲ್ಕು ಮನೆ ಎಳೆಯಿರಿ: ಆ ಹೊತ್ತಲ್ಲಿ ಮಾಡಿ ಕೆಟ್ಟಿದ್ದು, ಕೆಡದೇ ಇದ್ದದ್ದು, ಬೇರೆ ಹೊತ್ತಲ್ಲಿ ಮಾಡಿ ಕೆಟ್ಟಿದ್ದು, ಕೆಡದೇ ಇದ್ದದ್ದು. ಮೊದಲನೇ ಮನೆ ತಾನಾಗೇ ತುಂಬುತ್ತೆ. ಮಿಕ್ಕ ಮೂರಕ್ಕೆ ತಿಣುಕಬೇಕು, ಏನೂ ಆಗದ ದಿನವನ್ನು ಯಾರು ನೆನಪಿಟ್ಟುಕೊಳ್ತಾರೆ, ಅಲ್ವಾ? ಕೆಡೋದು ಅಂದರೆ ಏನು ಅಂತಲೂ ಮೊದಲೇ ಬರೆದಿಡಿ, ಇಲ್ಲದಿದ್ದರೆ ಎರಡು ತಿಂಗಳಾದ ಮೇಲೆ ಗಾಡಿ ಪಂಕ್ಚರ್ ಆದರೂ ರಾಹುವಿನ ಲೆಕ್ಕಕ್ಕೇ ಹೋಗುತ್ತೆ.

1960ರಲ್ಲಿ ಪೀಟರ್ ವಾಸನ್ ಅನ್ನೋ ಮನಶ್ಶಾಸ್ತ್ರಜ್ಞ 2, 4, 6 ಕೊಟ್ಟು, ಇದರ ಹಿಂದಿನ ನಿಯಮ ಹುಡುಕಿ ಅಂದರು. ಬೇರೆ ಅಂಕಿಗಳನ್ನು ಹೇಳಿ ಸರಿಯಾ ತಪ್ಪಾ ಅಂತ ಕೇಳಬಹುದಿತ್ತು. ಹೆಚ್ಚಿನವರು 8, 10, 12 ಥರ ತಮ್ಮ ಊಹೆಗೆ ಹೊಂದೋದನ್ನೇ ಕೇಳುತ್ತಾ ಹೋದರು. ನಿಯಮ ಇದ್ದದ್ದು ಇಷ್ಟೇ, ಅಂಕಿ ಏರುತ್ತಾ ಹೋಗಬೇಕು. 29 ಜನರಲ್ಲಿ ಮೊದಲ ಸಲಕ್ಕೇ ಸರಿ ಹೇಳಿದವರು 6 ಜನ. 5, 17, 90 ಸರೀನಾ ಅಂತ ಕೇಳಿದ್ದರೆ ಊಹೆ ಅಲ್ಲೇ ಬಿದ್ದುಹೋಗುತ್ತಿತ್ತು.

ನೀವೂ ಬೇಕಂತಲೇ ಹಾಗೆ ಕೇಳಿ. ಮದುವೆ ಮಾತುಕತೆಯಲ್ಲಿ ಬೇಡ, ಕರೆಂಟ್ ಬಿಲ್ ಸಾಕು. ಏನಾಗುತ್ತೆ ಅಂತ ಮೊದಲು ಬರೆದು, ರಾಹುಕಾಲದಲ್ಲೇ ಕಟ್ಟಿ. ನಗಬೇಡಿ, ನನ್ನ ಕೈ ನಿಜಕ್ಕೂ ತಡವರಿಸಿತ್ತು.

ನಮ್ಮವರ ಬಗ್ಗೆ ಇರೋ ನಂಬಿಕೆ ಇದಕ್ಕಿಂತ ಜಾಸ್ತಿ ಕಷ್ಟ. ನಾನಾಗಿ ಫೋನ್ ಮಾಡದಿದ್ದರೆ ಅಣ್ಣ ಮಾಡೋದೇ ಇಲ್ಲ ಅನ್ನೋದು ನನ್ನ ಹಳೇ ದೂರು. ಪ್ರತಿ ಭಾನುವಾರ ನಾನೇ ಮಾಡುತ್ತಿದ್ದೆ, ಹಾಗಾಗಿ ಪುಟದಲ್ಲಿ 'ನಾನು ಫೋನ್ ಮಾಡದ ವಾರ' ಅನ್ನೋ ಮನೆ ಯಾವತ್ತೂ ಖಾಲಿ. ಒಂದು ಭಾನುವಾರ ಹಲ್ಲು ಕಚ್ಚಿ ಸುಮ್ಮನಿದ್ದೆ. ಬುಧವಾರ ರಾತ್ರಿ ಅವನ ಫೋನ್ ಬಂತು. "ಏನೋ, ಇದೀಯಾ ಇಲ್ವಾ?"