ಟೆಕ್ಸಸ್ ಯುದ್ಧನೌಕೆಯ ಒಳಗಿಳಿದು ತುಕ್ಕು ಕೆರೆದ ಅನುಭವ

ಹ್ಯೂಸ್ಟನ್‌ನಲ್ಲಿ ನನ್ನ ಹೊಟ್ಟೆಪಾಡಿನ ಕೆಲಸ ತೈಲದ ಪೈಪುಗಳ ತುಕ್ಕು ಪರೀಕ್ಷೆ ಮಾಡುವುದು. ವಾರವಿಡೀ ಅದೇ. ಶನಿವಾರ ಬಂತೆಂದರೆ ನೂರು ವರ್ಷ ದಾಟಿದ ಒಂದು ಯುದ್ಧನೌಕೆಯ ತುಕ್ಕು ಕೆರೆಯಲು ಗ್ಯಾಲ್ವೆಸ್ಟನ್‌ಗೆ ಹೋಗುತ್ತೇನೆ. ಇದಕ್ಕೆ ಸಂಬಳವಿಲ್ಲ. ಸ್ವಯಂಸೇವಕರ ತಂಡದಲ್ಲಿ ನಾನೂ ಒಬ್ಬ, ಅಷ್ಟೇ. ಹಳೆಯ ಹಡಗನ್ನು ಮ್ಯೂಸಿಯಂ ಮಾಡಿ ಉಳಿಸುವುದು ಅಂದರೆ ದಿನಬಳಕೆಯಲ್ಲಿ ಏನು ಕೆಲಸ ಎಂದು ಊರಿನವರು, ಇಲ್ಲಿನ ಕನ್ನಡದ ಗೆಳೆಯರು ಆಗಾಗ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹಡಗಿನ ಹೆಸರು ಯುಎಸ್‌ಎಸ್ ಟೆಕ್ಸಸ್. 1912ರಲ್ಲಿ ನೀರಿಗಿಳಿದು, 1914ರ ಮಾರ್ಚ್‌ನಲ್ಲಿ ನೌಕಾಪಡೆ ಸೇರಿತು. 573 ಅಡಿ ಉದ್ದ. 14 ಇಂಚಿನ ಹತ್ತು ತೋಪುಗಳು. ಎರಡೂ ಮಹಾಯುದ್ಧಗಳಲ್ಲಿ ದುಡಿದು ಇವತ್ತಿಗೂ ಉಳಿದಿರುವ ಡ್ರೆಡ್‌ನಾಟ್ ಮಾದರಿಯ (ಒಂದೇ ಅಳತೆಯ ದೊಡ್ಡ ತೋಪುಗಳೇ ಮುಖ್ಯವಾದ) ಯುದ್ಧನೌಕೆ ಜಗತ್ತಿನಲ್ಲಿ ಇದೊಂದೇ. 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ತೀರದ ಮೇಲೆ ಗುಂಡು ಹಾರಿಸಿದ ಹಡಗುಗಳಲ್ಲಿ ಇದೂ ಇತ್ತು. ಕೆಲವು ದಿನಗಳಾದ ಮೇಲೆ ತೀರಕ್ಕಿಳಿದ ಸೈನ್ಯ ಒಳನಾಡಿಗೆ ಮುಂದುವರಿಯಿತು. ಗುರಿ ದೂರವಾಯಿತು. ತೋಪು ಇನ್ನೂ ಸ್ವಲ್ಪ ಮೇಲಕ್ಕೆ ಏಳಬೇಕಿತ್ತು. ಆಗ ನಾವಿಕರು ಹಡಗಿನ ಒಂದು ಬದಿಯ ಬ್ಲಿಸ್ಟರ್ ಎಂಬ ಹೊರಕೋಣೆಗೆ ತಾವೇ ನೀರು ತುಂಬಿಸಿ, ಇಡೀ ಹಡಗನ್ನು ಓರೆ ಮಾಡಿ ಗುಂಡು ಹಾರಿಸಿದರು.

ಈ ಬ್ಲಿಸ್ಟರ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮುಂದಿನ ತೊಂದರೆಯೆಲ್ಲ ಅಲ್ಲಿಂದಲೇ. 1925ರಿಂದ 1927ರವರೆಗೆ ನಾರ್ಫೋಕ್‌ನಲ್ಲಿ ಹಡಗಿಗೆ ದೊಡ್ಡ ಬದಲಾವಣೆ ಮಾಡಿದರು. ಕಲ್ಲಿದ್ದಲಿನ ಬಾಯ್ಲರ್ ತೆಗೆದು ತೈಲದ ಬಾಯ್ಲರ್ ಹಾಕಿದರು. ಟಾರ್ಪಿಡೊ ಬಡಿದರೆ ಅದರ ಪೆಟ್ಟು ಹೊರಗೇ ಮುಗಿಯಲಿ ಎಂದು ಹಡಗಿನ ಎರಡೂ ಬದಿಗೆ ಉಬ್ಬಿದ ಹೊರಕೋಣೆಗಳನ್ನು ಜೋಡಿಸಿದರು. ಅವೇ ಬ್ಲಿಸ್ಟರ್. ಹಡಗಿನ ಮೂಲ ಕವಚ 12 ಇಂಚು ದಪ್ಪ. ಬ್ಲಿಸ್ಟರ್‌ನ ತಗಡು ಅದರ ಮುಂದೆ ಏನೂ ಅಲ್ಲ. ಒಳಗೆ ಮನುಷ್ಯ ತಿರುಗಾಡಲು ಕಷ್ಟವಾಗುವಷ್ಟು ಇಕ್ಕಟ್ಟು. ಬಣ್ಣ ಹಚ್ಚುವುದು ಹಾಗಿರಲಿ, ನೋಡುವುದೇ ಕಷ್ಟ. ನೀರು, ಗಾಳಿ, ತೆಳು ಉಕ್ಕು, ಕೈ ತಲುಪದ ಮೂಲೆ. ತುಕ್ಕಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಕಾ?

1948ರ ಏಪ್ರಿಲ್‌ನಲ್ಲಿ ಹಡಗನ್ನು ನಿವೃತ್ತಿ ಮಾಡಿ ಟೆಕ್ಸಸ್ ರಾಜ್ಯಕ್ಕೆ ಕೊಟ್ಟರು. ಸ್ಯಾನ್ ಹಸಿಂಟೊ ಯುದ್ಧಭೂಮಿಯ ಪಕ್ಕದ ಕಾಲುವೆಯಲ್ಲಿ ನಿಲ್ಲಿಸಿದರು. ನೌಕಾಪಡೆಯಲ್ಲಿದ್ದಾಗ ಇಂಥ ಹಡಗು ಆಗಾಗ ಡ್ರೈಡಾಕ್‌ಗೆ, ಅಂದರೆ ನೀರಿನಿಂದ ಹೊರಗಿಟ್ಟು ದುರಸ್ತಿ ಮಾಡುವ ಕಟ್ಟೆಗೆ, ಏರುತ್ತದೆ. ಸಾವಿರಕ್ಕೂ ಮಿಕ್ಕಿದ ನಾವಿಕರು ದಿನಾ ಎಲ್ಲೋ ಒಂದು ಕಡೆ ಕೆರೆಯುತ್ತಾ, ಬಣ್ಣ ಬಳಿಯುತ್ತಾ ಇರುತ್ತಾರೆ. ಮ್ಯೂಸಿಯಂ ಆದ ಮೇಲೆ ಆ ಕೈಗಳು ಇಲ್ಲ. ಈ ಹಡಗು 1948ರಿಂದ 1988ರವರೆಗೆ ಒಮ್ಮೆಯೂ ನೀರಿನಿಂದ ಮೇಲೆ ಬರಲಿಲ್ಲ. ಆ ನಡುವೆ ಮರದ ಡೆಕ್ (ಹಡಗಿನ ಮೇಲಿನ ನೆಲ) ಕೊಳೆಯಿತು ಎಂದು ಅದರ ಜಾಗಕ್ಕೆ ಕಾಂಕ್ರೀಟ್ ಸುರಿದಿದ್ದರು. ಕಾಂಕ್ರೀಟ್ ಬಿರುಕು ಬಿಟ್ಟಿತು. ಮಳೆನೀರು ಅದರ ಅಡಿಗೆ ಹೋಗಿ ಕೂತಿತು, ಒಂದೊಂದೇ ಮಹಡಿ ಕೆಳಗಿಳಿಯಿತು. ಹೊರಗಿನ ಕಾಲುವೆಯ ನೀರನ್ನು ಎಲ್ಲರೂ ನೋಡುತ್ತಿದ್ದರು. ಮೇಲಿಂದ ಇಳಿದ ನೀರನ್ನು ನೋಡಿದವರು ಕಡಿಮೆ. ನನ್ನ ಅನುಭವದಲ್ಲಿ ಹಡಗಿನ ಒಳಭಾಗವನ್ನು ತಿಂದಿದ್ದು ಈ ಮಳೆನೀರೇ.

1988ರಿಂದ 1990ರವರೆಗೆ ಡ್ರೈಡಾಕ್ ಆಯಿತು. ಆಮೇಲೆ ಮತ್ತೆ 32 ವರ್ಷ ಇಲ್ಲ. ಕೊನೆಕೊನೆಗೆ ಒಳಗೆ ಬಂದ ನೀರನ್ನು ಹೊರಹಾಕಲು ಪಂಪುಗಳು ಹಗಲು ರಾತ್ರಿ ಓಡುತ್ತಿದ್ದವು. 2017ರಲ್ಲಿ ಬ್ಲಿಸ್ಟರ್‌ಗೆ ನೀರು ನುಗ್ಗಿ ಹಡಗು ಮತ್ತೊಮ್ಮೆ ಓರೆಯಾಯಿತು. ಈ ಸಲ ಯಾರೂ ಬೇಕೆಂದು ಮಾಡಿದ್ದಲ್ಲ. 2019ರಲ್ಲಿ ರಾಜ್ಯದ ಶಾಸನಸಭೆ ದುರಸ್ತಿಗೆ 3.5 ಕೋಟಿ ಡಾಲರ್ ಕೊಟ್ಟಿತು. ಬ್ಯಾಟಲ್‌ಶಿಪ್ ಟೆಕ್ಸಸ್ ಫೌಂಡೇಶನ್ ಹಡಗಿನ ಹೊಣೆ ಹೊತ್ತಿತು. 2022ರ ಆಗಸ್ಟ್ 31ರಂದು ಟಗ್ ಎಂಬ ಎಳೆಯುವ ದೋಣಿಗಳು ಅದನ್ನು ಹ್ಯೂಸ್ಟನ್ ಕಾಲುವೆಯ ಮೂಲಕ ಎಳೆದುಕೊಂಡು ಅದೇ ದಿನ ಗ್ಯಾಲ್ವೆಸ್ಟನ್ ಮುಟ್ಟಿಸಿದವು. ದಾರಿಯಲ್ಲಿ ಮುಳುಗದಿರಲಿ ಎಂದು ಬ್ಲಿಸ್ಟರ್‌ಗಳ ಒಳಗೆ ಉಬ್ಬುವ ಫೋಮ್ ತುಂಬಿದ್ದರು. ದಡದ ಉದ್ದಕ್ಕೂ ಜನ ನಿಂತಿದ್ದರು. ನನಗೆ ಮಾತ್ರ ಇಡೀ ದಿನ ಎದೆ ಡವಡವ ಅನ್ನುತ್ತಿತ್ತು. ರಿವೆಟ್ (ತಗಡುಗಳನ್ನು ಜೋಡಿಸುವ ಮೊಳೆ) ಹಾಕಿದ ಹಳೆಯ ತಗಡು ಎಷ್ಟು ತೆಳುವಾಗಿರಬಹುದು ಅಂತ ಊಹಿಸಬಲ್ಲೆ, ಅದೇ ನನ್ನ ಕೆಲಸ ತಾನೆ.

ಈಗ ಕೆಲಸದ ವಿಷಯಕ್ಕೆ ಬರುತ್ತೇನೆ.

ಮುಚ್ಚಿದ ಕೋಣೆಗೆ ಸುಮ್ನೆ ಇಳಿಯುವ ಹಾಗಿಲ್ಲ. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಹೊಸಬರು ಇದನ್ನು ನಂಬುವುದಿಲ್ಲ. ತುಕ್ಕು ಹಿಡಿಯುವುದು ಎಂದರೆ ಕಬ್ಬಿಣ ಗಾಳಿಯ ಆಮ್ಲಜನಕವನ್ನು ಎಳೆದುಕೊಳ್ಳುವುದು. ವರ್ಷಗಟ್ಟಲೆ ಮುಚ್ಚಿಟ್ಟ ಉಕ್ಕಿನ ಕೋಣೆಯಲ್ಲಿ ಗೋಡೆಗಳೇ ಗಾಳಿಯನ್ನು ಕುಡಿದಿರುತ್ತವೆ. ವಾಸನೆ ಇರುವುದಿಲ್ಲ, ಸೂಚನೆ ಇರುವುದಿಲ್ಲ. ಇಳಿದವನು ಅಲ್ಲೇ ಕುಸಿಯುತ್ತಾನೆ, ಎತ್ತಲು ಹೋದವನೂ ಕುಸಿಯುತ್ತಾನೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕ 20.9 ಶೇಕಡ. ಮೀಟರ್ 19.5ಕ್ಕಿಂತ ಕೆಳಗೆ ತೋರಿಸಿದರೆ ಇಲ್ಲಿನ ಕಾನೂನಿನ ಪ್ರಕಾರ ಹಾಗೇ ಇಳಿಯಬಾರದು. ಮೊದಲು ಬ್ಲೋವರ್ ಹಚ್ಚಿ ಗಾಳಿ ಹೊಡೆಯಬೇಕು, ಮತ್ತೆ ಅಳೆಯಬೇಕು, ಮೇಲೆ ಒಬ್ಬರು ಕಾವಲಿರಬೇಕು. ನಿಂತ ಕೊಳಕು ನೀರಿದ್ದರೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷದ ಗಾಳಿ ಇದೆಯಾ ಎಂದೂ ನೋಡಬೇಕು.

ಆಮೇಲೆ ದಪ್ಪ ಅಳೆಯುವುದು. ಅಲ್ಟ್ರಾಸಾನಿಕ್ ಗೇಜ್ ನನ್ನ ಕೈಗೆ ಒಗ್ಗಿದ ಸಾಧನ. ತಗಡಿನ ಒಂದೇ ಬದಿಯಿಂದ ಅದರ ದಪ್ಪ ಹೇಳುತ್ತದೆ. ಆದರೆ ಗುಳಿಬಿದ್ದ ತುಕ್ಕಿನ ಮೇಲಿಟ್ಟರೆ ಅಂಕಿ ನಂಬುವಂತಿಲ್ಲ. ಒಂದು ಚಿಕ್ಕ ಜಾಗವನ್ನು ಚೆನ್ನಾಗಿ ಉಜ್ಜಿ, ಜೆಲ್ ಹಚ್ಚಿ, ಹತ್ತಿರ ಹತ್ತಿರ ಹಲವು ಕಡೆ ಅಳೆಯುತ್ತೇನೆ. ಎಲ್ಲಕ್ಕಿಂತ ಕಡಿಮೆ ಬಂದ ಅಂಕಿಯನ್ನೇ ಬರೆದಿಡುತ್ತೇನೆ, ಸರಾಸರಿಯನ್ನಲ್ಲ. ನೀರು ಬರುವುದು ತೂತಿನಿಂದ, ಸರಾಸರಿಯಿಂದ ಅಲ್ಲವಲ್ಲ. ಜೊತೆಗೆ ಸುತ್ತಿಗೆ. ಗಟ್ಟಿ ಉಕ್ಕು ಠಣ್ ಅನ್ನುತ್ತದೆ, ಸತ್ತ ಉಕ್ಕು ಬರೀ ಧಪ್ ಅನ್ನುತ್ತದೆ. ಕಿವಿ ಪಳಗಿದ ಮೇಲೆ ಎಲ್ಲಿ ಗೇಜ್ ಇಡಬೇಕು ಎಂದು ಸುತ್ತಿಗೆಯೇ ತೋರಿಸುತ್ತದೆ.

ತುಕ್ಕು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ನೀರಿನ ಮಟ್ಟದ ಆಚೀಚೆ ಒಂದೆರಡು ಅಡಿ ಭಾಗವೇ ಅತಿ ಕೆಟ್ಟದ್ದು. ಅಲ್ಲಿ ಒಮ್ಮೆ ಒದ್ದೆ, ಒಮ್ಮೆ ಒಣ, ಗಾಳಿಯೂ ಯಥೇಚ್ಛ. ಹಡಗಿನ ಹೊರಮೈಗೆ ಸತು ಅಥವಾ ಅಲ್ಯೂಮಿನಿಯಂ ಗಟ್ಟಿಗಳನ್ನು ಜೋಡಿಸಿದರೆ ಉಕ್ಕಿನ ಬದಲು ಅವು ಕರಗುತ್ತವೆ. ಆದರೆ ಆ ರಕ್ಷಣೆ ನೀರಿನಲ್ಲಿ ಮುಳುಗಿದ ಭಾಗಕ್ಕೆ ಮಾತ್ರ. ಒಳಗಿನ ಕೋಣೆಗೆ ಅದರಿಂದ ಏನೂ ಸಿಗದು. ಅಲ್ಲಿ ಬಣ್ಣ ಮತ್ತು ಒಣಗಾಳಿ, ಎರಡೇ ದಾರಿ.

ರಿವೆಟ್ ಸಾಲುಗಳ ಕಥೆ ಇನ್ನೊಂದು. ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ಬೇಡುತ್ತದೆ. ಎರಡು ತಗಡುಗಳ ಸಂದಿನಲ್ಲಿ ಸೇರಿತೆಂದರೆ ಅವನ್ನು ಬಲವಂತವಾಗಿ ಅಗಲಿಸುತ್ತದೆ, ರಿವೆಟ್ ತಲೆಯನ್ನೇ ಹಾರಿಸಿಬಿಡುತ್ತದೆ. ನೀಡಲ್ ಗನ್ ಹಿಡಿದಾಗ ಈ ತುಕ್ಕು ಚಿರೋಟಿಯ ಹಾಗೆ ಪದರ ಪದರವಾಗಿ ಏಳುತ್ತದೆ. ನೀಡಲ್ ಗನ್ ಅಂದರೆ ಗಾಳಿಯ ಒತ್ತಡದಲ್ಲಿ ಉಕ್ಕಿನ ಕಡ್ಡಿಗಳ ಕಟ್ಟು ಹಿಂದೆ ಮುಂದೆ ಕುಣಿಯುವ ಯಂತ್ರ. ಸ್ವಲ್ಪ ಹೊತ್ತಿಗೇ ಕೈ ಜೋಮು ಹಿಡಿಯುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರುವುದರಿಂದ ಮುಖಕ್ಕೆ ಸರಿಯಾದ ರೆಸ್ಪಿರೇಟರ್ ಬೇಕೇ ಬೇಕು. ಕೆಲಸದ ಬಟ್ಟೆಯನ್ನು ಮನೆಯ ಬಟ್ಟೆಯ ಜೊತೆ ಒಗೆಯಲೂ ಬಾರದು.

ಕೆರೆದ ಮೇಲೆ ಸಿಹಿನೀರಿನಲ್ಲಿ ತೊಳೆದು ಉಪ್ಪು ತೆಗೆಯಬೇಕು. ಕಣ್ಣಿಗೆ ಕಾಣದ ಉಪ್ಪು ಗುಳಿಗಳಲ್ಲಿ ಉಳಿದರೆ ಎಷ್ಟು ದುಬಾರಿ ಎಪಾಕ್ಸಿ ಬಣ್ಣ ಬಳಿದರೂ ಅಡಿಯಿಂದ ಗುಳ್ಳೆ ಏಳುತ್ತದೆ. ಗ್ಯಾಲ್ವೆಸ್ಟನ್ ಕಡಲಂಚಿನ ದ್ವೀಪ, ಹವೆಯಲ್ಲಿ ತೇವ ಜಾಸ್ತಿ. ಬೆಳಿಗ್ಗೆ ಉಕ್ಕು ತಣ್ಣಗಿದ್ದು ಬೆವರುತ್ತಿರುತ್ತದೆ. ಇಬ್ಬನಿ ಕಟ್ಟುವ ಉಷ್ಣಾಂಶಕ್ಕಿಂತ ಉಕ್ಕು ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರುವವರೆಗೆ ಬಣ್ಣದ ಡಬ್ಬ ತೆರೆಯುವುದಿಲ್ಲ. ಮೊದಲು ಅಂಚು, ವೆಲ್ಡಿಂಗ್, ರಿವೆಟ್ ತಲೆಗಳಿಗೆ ಬ್ರಷ್‌ನಿಂದ ಒಂದು ಕೈ. ಚೂಪು ಅಂಚಿನಲ್ಲಿ ಬಣ್ಣ ನಿಲ್ಲದೆ ಜಾರುತ್ತದೆ, ತುಕ್ಕು ಶುರುವಾಗುವುದೂ ಅಲ್ಲಿಂದಲೇ. ಆಮೇಲೆ ಪೂರ್ತಿ ಗೋಡೆ. ಇವತ್ತು ಕೆರೆದಿದ್ದಕ್ಕೆ ಇವತ್ತೇ ಪ್ರೈಮರ್ (ಅಡಿಪದರದ ಬಣ್ಣ) ಬೀಳಬೇಕು. ಅದಕ್ಕೇ ನಮ್ಮ ತಂಡ ಒಂದು ದಿನಕ್ಕೆ ಕೋಣೆಯ ಒಂದು ಮೂಲೆಯನ್ನಷ್ಟೇ ಹಿಡಿಯುತ್ತದೆ. ನೋಡುವವರಿಗೆ ಇದು ನಿಧಾನ ಅನ್ನಿಸುತ್ತದೆ. ನನಗೆ ಇದೇ ಸರಿಯಾದ ವೇಗ.

ಕೆರೆಯುವ ಮೊದಲು ಫೋಟೋ ತೆಗೆಯುವುದನ್ನು ನಾನು ಎಂದೂ ಬಿಡುವುದಿಲ್ಲ. ಆ ಕಾಲದ ಅಮೆರಿಕದ ನೌಕಾಪಡೆ ಹಡಗಿನ ಮುಂಭಾಗದಿಂದ ಹಿಂಭಾಗಕ್ಕೆ ಎ, ಬಿ, ಸಿ, ಡಿ ಎಂದು ಭಾಗ ಮಾಡಿ ಕೋಣೆಗಳಿಗೆ ನಂಬರ್ ಕೊಡುತ್ತಿತ್ತು. ಪದರದ ಅಡಿಯಲ್ಲಿ ಆ ಹಳೆಯ ಅಕ್ಷರಗಳು ಕಾಣಿಸಿದಾಗ ನೀಡಲ್ ಗನ್ ನಿಲ್ಲಿಸಿ ಕ್ಯುರೇಟರ್ ತಂಡದವರನ್ನು ಕರೆಯುತ್ತೇವೆ. ಆ ತುಂಡನ್ನು ಹಾಗೇ ಬಿಟ್ಟು, ಪಾರದರ್ಶಕ ಲೇಪ ಕೊಟ್ಟು, ಸುತ್ತ ಬಣ್ಣ ಬಳಿಯಬಹುದು. ತುಕ್ಕಿನ ಜೊತೆ ಇತಿಹಾಸವನ್ನೂ ಕೆರೆದು ಹಾಕಿದರೆ ಉಳಿಸಿದ್ದೇನು?

ನನ್ನೂರಿನ ಕಡೆಯ ಗೆಳೆಯನೊಬ್ಬ ಡ್ರೈಡಾಕ್‌ನಲ್ಲಿದ್ದ ಹಡಗು ನೋಡಲು ಬಂದಿದ್ದ. ಹಳೆಯ ಬ್ಲಿಸ್ಟರ್‌ಗಳನ್ನು ಕತ್ತರಿಸಿ ತೆಗೆದು ಹೊಸ ಉಕ್ಕಿನಿಂದ ಕಟ್ಟುತ್ತಿದ್ದ ಸಮಯ. "ಅಲ್ಲ ಮಾರಾಯ, ಇಷ್ಟೆಲ್ಲ ಹೊಸದು ಹಾಕಿದ ಮೇಲೆ ಇದು ಅದೇ ಹಡಗು ಹೇಗಾಗ್ತದೆ?" ಅಂದ. ನಾನು ಹೇಳಿದೆ: "ಬ್ಲಿಸ್ಟರ್ ಹಡಗಿನ ಜೊತೆ ಹುಟ್ಟಿದ್ದಲ್ಲ. ನೌಕಾಪಡೆಯವರೂ ಹಾಳಾದ ತಗಡು ಬದಲಿಸುತ್ತಲೇ ಇದ್ದರು. ಇದನ್ನು ಬದಲಿಸಿದ್ದರಿಂದಲೇ ಒಳಗಿನ ಮೂಲ ಒಡಲು ಉಳೀತದೆ, ನೋಡು." ಇದು ನನ್ನ ಗಟ್ಟಿ ಅಭಿಪ್ರಾಯ. ನೀರನ್ನು ತಡೆಯುವ ಹೊರಚರ್ಮವನ್ನು ಧಾರಾಳವಾಗಿ ಬದಲಿಸಿ. ಎಂಜಿನ್ ಕೋಣೆಯನ್ನು ಮಾತ್ರ ಮುಟ್ಟಬೇಡಿ. ಬೇರೆ ಹಡಗುಗಳು ಟರ್ಬೈನ್ ಕಡೆ ಹೊರಳುತ್ತಿದ್ದ ಕಾಲದಲ್ಲೂ ಟೆಕ್ಸಸ್‌ಗೆ ಎರಡು ಟ್ರಿಪಲ್ ಎಕ್ಸ್‌ಪ್ಯಾನ್ಶನ್ (ಉಗಿಯನ್ನು ಮೂರು ಹಂತಗಳಲ್ಲಿ ದುಡಿಸುವ) ಉಗಿ ಎಂಜಿನ್ ಕೂರಿಸಿದ್ದರು. ಮನೆಯಷ್ಟು ಎತ್ತರದ ಆ ಎಂಜಿನ್‌ಗಳ ಮುಂದೆ ನಿಂತಾಗ ಅದೇ ಗೆಳೆಯನಿಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಅಲ್ಲಿ ಎಣ್ಣೆ, ಗ್ರೀಸ್, ಒಣಗಾಳಿ, ಬಟ್ಟೆಯಲ್ಲಿ ಒರೆಸುವುದು. ಬೇರೇನೂ ಬೇಡ.

ನಾನು ಉತ್ತರ ಕನ್ನಡದವನು. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಾಪೆಲ್ ಮರಳಿನ ಮೇಲೆ ನಿಂತಿರುವುದನ್ನು ನೋಡಿದ್ದೇನೆ. ಚಿಕ್ಕ ಕ್ಷಿಪಣಿ ದೋಣಿ. ವಿಶಾಖಪಟ್ಟಣದ ಕುರ್ಸುರಾ ಜಲಾಂತರ್ಗಾಮಿಯೂ ದಡದಲ್ಲೇ ಇದೆ. ಜಪಾನಿನವರು ಮಿಕಾಸಾ ಯುದ್ಧನೌಕೆಯನ್ನು ಯೊಕೊಸುಕಾದಲ್ಲಿ ನೆಲದಲ್ಲೇ ಊರಿಬಿಟ್ಟಿದ್ದಾರೆ. ನೀರಿನಿಂದ ಹೊರಗಿಟ್ಟರೆ ಮುಳುಗುವ ಭಯ ಇಲ್ಲ. ಆದರೆ ಉಪ್ಪುಗಾಳಿ, ಮುಂಗಾರು ಮಳೆ ಬಿಡುವುದಿಲ್ಲ. ಅಲ್ಲೂ ಡೆಕ್ ಸೋರುತ್ತಿದೆಯಾ, ನೀರು ಹೋಗುವ ತೂತುಗಳು ಕಟ್ಟಿಕೊಂಡಿವೆಯಾ ಎಂದೇ ಮೊದಲು ನೋಡಬೇಕು. ಮುಂಬೈಯಲ್ಲಿ ನೀರಿನ ಮೇಲೇ ಮ್ಯೂಸಿಯಂ ಆಗಿದ್ದ ಹಳೆಯ ವಿಕ್ರಾಂತ್ 2012ರಲ್ಲಿ ಸುರಕ್ಷತೆಯ ಕಾರಣಕ್ಕೆ ಮುಚ್ಚಿತು, 2014ರಲ್ಲಿ ಗುಜರಿಗೆ ಹೋಯಿತು. ನನಗೆ ಇವತ್ತಿಗೂ ಅದು ನೋವಿನ ವಿಷಯ. 2022ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ 'ದಿ ಸುಲ್ಲಿವನ್ಸ್' ಎಂಬ ಮ್ಯೂಸಿಯಂ ಹಡಗು ನಿಂತಲ್ಲೇ ಅರ್ಧ ಮುಳುಗಿತು. ಹಣವಂತ ದೇಶದಲ್ಲೂ ಹೀಗೇ.

ಟೆಕ್ಸಸ್ 2024ರ ಮಾರ್ಚ್ 5ರಂದು ಮತ್ತೆ ನೀರಿಗಿಳಿಯಿತು. ಮೈಗೆ 1945ರಲ್ಲಿದ್ದ ಹಾಗೆ ದಟ್ಟ ನೀಲಿ ಬಣ್ಣ. ಆದರೆ ಸೋರಿಕೆ ನಿಂತಿತು ಅಂದ ಮಾತ್ರಕ್ಕೆ ಒಳಗಿನ ಕೆಲಸ ಮುಗಿಯುವುದಿಲ್ಲ, ಡೆಕ್ ಸರಿಯಾಗುವವರೆಗೆ ಮಳೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಮುಂದಿನ ಡ್ರೈಡಾಕ್‌ಗೆ ಇನ್ನೊಂದು 32 ವರ್ಷ ಕಾಯಬಾರದು. ಅದಕ್ಕೆ ಈಗಿನಿಂದಲೇ ಹಣ ಎತ್ತಿಡಬೇಕು. ಇಲ್ಲವೆಂದರೆ ನಾರ್ತ್ ಕ್ಯಾರೊಲೈನಾ ಯುದ್ಧನೌಕೆಗೆ ಮಾಡಿದಂತೆ ಹಡಗಿನ ಸುತ್ತ ಉಕ್ಕಿನ ಗೋಡೆ ಕಟ್ಟಿ, ಒಳಗಿನ ನೀರು ಖಾಲಿ ಮಾಡಿ, ನಿಂತ ಜಾಗದಲ್ಲೇ ದುರಸ್ತಿ ಮಾಡುವ ವ್ಯವಸ್ಥೆ ಬೇಕು. ಆ ದಾರಿ ನನಗೆ ಇಷ್ಟ. ಎಳೆದುಕೊಂಡು ಹೋಗುವ ಅಪಾಯವೇ ತಪ್ಪುತ್ತದೆ.

ಹ್ಯೂಸ್ಟನ್ ಸುತ್ತಮುತ್ತ ಇರುವ ಕನ್ನಡಿಗರು ಯಾರಾದರೂ ಕೈಜೋಡಿಸುವುದಾದರೆ ಬನ್ನಿ. ಉಕ್ಕಿನ ಮೂತಿಯ ಬೂಟು, ಉದ್ದ ತೋಳಿನ ಹತ್ತಿ ಅಂಗಿ ಸಾಕು, ಉಳಿದದ್ದು ಅಲ್ಲೇ ಸಿಗುತ್ತದೆ. ಮೊದಲ ದಿನವೇ ನೀಡಲ್ ಗನ್ ಸಿಗಲಿಕ್ಕಿಲ್ಲ. ಪೊರಕೆ, ವ್ಯಾಕ್ಯೂಮ್, ಒಂದು ಟಾರ್ಚು ಕೊಡುತ್ತೇವೆ. ಬೇಸರ ಮಾಡಿಕೊಳ್ಳಬೇಡಿ. ಮೂಲೆಯ ಕಸ ತೆಗೆದ ಮೇಲೇ ಅಲ್ಲಿ ನೀರು ಕೂತಿದೆಯಾ, ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುವುದು.