ತಲೆ ತುರಿಕೆ ನಿಲ್ಲುತ್ತಿಲ್ಲವೇ? ಡಾಕ್ಟರನ್ನು ಕಾಣುವವರೆಗೆ ಇಷ್ಟು ಮಾಡಿ

ವಾರಗಟ್ಟಲೆ ತಲೆ ಕೆರೆಯುತ್ತಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಲೇಬೇಕು, ಎರಡು ಮಾತಿಲ್ಲ. ಆದರೆ ಅಪಾಯಿಂಟ್‌ಮೆಂಟ್ ಸಿಗುವವರೆಗೆ ರಾತ್ರಿ ನಿದ್ದೆ ಬರಬೇಕಲ್ವಾ?

ಮೊದಲು ಎಣ್ಣೆ ನಿಲ್ಲಿಸಿ. ಮನೆಯ ಹಿರಿಯರು ಹಚ್ಚು ಅಂದರೂ ಬೇಡ. ಹೊಟ್ಟಿನ ಜೊತೆ ಬರುವ ತುರಿಕೆಗೆ ಹೆಚ್ಚಾಗಿ ಮಲಸೀಜಿಯಾ ಎಂಬ ಶಿಲೀಂಧ್ರ ಕಾರಣ, ಅದು ಬೆಳೆಯುವುದೇ ಜಿಡ್ಡಿನಲ್ಲಿ, ಹಾಗಾಗಿ ಎಣ್ಣೆ ಹಚ್ಚಿದರೆ ತುರಿಕೆ ಜಾಸ್ತಿಯಾಗಬಹುದು. ನಿಂಬೆರಸವೂ ಬೇಡ, ಕೆರೆದ ಗಾಯ ಉರಿಯುತ್ತದೆ. ಹೊಟ್ಟು ಇದ್ದರೆ ಮೆಡಿಕಲ್ ಶಾಪಿನವರನ್ನು ಕೇಳಿ ಈ ಶಿಲೀಂಧ್ರಕ್ಕೆ ಹಾಕುವ 2% ಕೀಟೋಕೊನಜೋಲ್ ಶಾಂಪೂ ತಂದು ವಾರಕ್ಕೆ 2 ಸಲ ಹಾಕಿ, ತಲೆಯ ಚರ್ಮಕ್ಕೆ ತಾಗುವಂತೆ ಹಚ್ಚಿ 3ರಿಂದ 5 ನಿಮಿಷ ಬಿಟ್ಟು ತೊಳೆಯಬೇಕು, ಸುಮ್ನೆ ನೊರೆ ಮಾಡಿ ತೊಳೆದರೆ ಪ್ರಯೋಜನವಿಲ್ಲ. ಬಸುರಿಯರು, ಚಿಕ್ಕ ಮಕ್ಕಳಿಗೆ ಡಾಕ್ಟರನ್ನು ಕೇಳದೆ ಬೇಡ. ನೀರು ಉಗುರುಬೆಚ್ಚಗಿರಲಿ. ಉಗುರು ಕತ್ತರಿಸಿಕೊಳ್ಳಿ.

ಕಿವಿಯ ಹಿಂದೆ, ಕತ್ತಿನ ಹತ್ತಿರ ಹೇನು, ಸೀರು ಇದೆಯಾ ಎಂದು ಯಾರಿಂದಾದರೂ ನೋಡಿಸಿ. ಡೈ ಹಚ್ಚಿದ ಮೇಲೆ ಶುರುವಾಗಿದ್ದರೆ ಡೈ ನಿಲ್ಲಿಸಿ, ಆದರೆ ಪ್ಯಾಕೆಟ್ ಎಸೆಯಬೇಡಿ, ಡಾಕ್ಟರಿಗೆ ತೋರಿಸಿ. ಕಪ್ಪು ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಅಲರ್ಜಿ.

ಯಾರೋ ಹೇಳಿದ ಸ್ಟೀರಾಯ್ಡ್ ಮುಲಾಮು ಮಾತ್ರ ಹಚ್ಚಲೇಬೇಡಿ, ಹುಳುಕಡ್ಡಿಯಾಗಿದ್ದರೆ ಅದು ಒಳಗೊಳಗೇ ಹರಡಿ ಡಾಕ್ಟರಿಗೂ ಗುರುತು ಸಿಗುವುದು ಕಷ್ಟವಾಗಬಹುದು. ಕೀವು, ಜ್ವರ ಬಂದರೆ, ಮಕ್ಕಳ ಕೂದಲು ದುಂಡಗೆ ಉದುರಿದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ಅವತ್ತೇ ಹೋಗಿ.